ಒದ್ದೆ ನೆಲದ ಮನೆಯಲ್ಲಿ ಸೋರಿಕೆ ಸೂಚಕ

ನೀರು ಇರಬಾರದ ಜಾಗದಲ್ಲಿ ಅದು ಕಾಣಿಸಿಕೊಂಡ ಕೂಡಲೇ ಕೂಗಿ ಎಚ್ಚರಿಸುವ, ಇಲ್ಲವೇ ಮನೆಯವರ ಮೊಬೈಲಿಗೆ ಸುದ್ದಿ ಕಳಿಸುವ ಸಣ್ಣ ಸಾಧನಗಳು ಈಚಿನ ವರ್ಷಗಳಲ್ಲಿ ಬೆಂಗಳೂರಿನಂಥ ನಗರಗಳ ಮನೆಗಳಿಗೂ ಬರತೊಡಗಿವೆ. ಸೋರಿಕೆ ಸೂಚಕವೆಂದು ಕರೆಯಬಹುದಾದ ಈ ಸಾಧನವನ್ನು ಕೊಳ್ಳುವವರು ಅದರ ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ, ಗಂಟೆ ಎಷ್ಟು ಜೋರಾಗಿದೆ, ಆ್ಯಪ್ ಬಳಸಲು ಸುಲಭವೇ ಎಂಬ ಪ್ರಶ್ನೆಗಳನ್ನು ಮೊದಲು ಕೇಳುತ್ತಾರೆ. ಈ ಪ್ರಶ್ನೆಗಳು ಅನಗತ್ಯವಲ್ಲವಾದರೂ ಎರಡನೆಯ ಸರದಿಗೆ ಸೇರಿದವು. ಒಂದು ಮನೆಯಲ್ಲಿ ಪೈಪಿನಿಂದ ತಪ್ಪಿಸಿಕೊಂಡ ನೀರು ಯಾವ ದಾರಿ ಹಿಡಿದು ಎಲ್ಲಿಗೆ ಹೋಗುತ್ತದೆ ಎಂಬುದು ಖಚಿತವಾಗುವವರೆಗೆ ಸೂಚಕವನ್ನು ಆರಿಸುವುದೂ ಇಡುವುದೂ ಬರಿಯ ಊಹೆಯ ಕೆಲಸ. ಕರ್ನಾಟಕದ ನಗರದ ಫ್ಲ್ಯಾಟುಗಳಲ್ಲಿ ಆ ದಾರಿಯು ಈ ಸಾಧನವನ್ನು ರೂಪಿಸಿದವರ ಕಣ್ಣ ಮುಂದಿದ್ದ ಮನೆಗಳ ದಾರಿಗಿಂತ ಬಹುಮಟ್ಟಿಗೆ ಬೇರೆಯಾಗಿದೆ.

ಸಾಧನದ ತತ್ತ್ವ ಸರಳವಾದದ್ದು. ಸೂಚಕದ ಅಡಿಯಲ್ಲಿ ಒಂದನ್ನೊಂದು ತಾಕದ ಎರಡು ಲೋಹದ ಬಿಂದುಗಳಿರುತ್ತವೆ. ಅವುಗಳ ನಡುವೆ ನೀರು ಹರಡಿದಾಗ, ಅದರಲ್ಲಿ ಕರಗಿರುವ ಲವಣಗಳ ಮೂಲಕ ಅತ್ಯಲ್ಪ ಪ್ರಮಾಣದ ವಿದ್ಯುತ್ತು ಹರಿದು ಮಂಡಲ ಪೂರ್ಣವಾಗುತ್ತದೆ. ಇದು ಇಲ್ಲಿಯವರಿಗೆ ಹೊಸ ವಿದ್ಯೆಯೇನಲ್ಲ: ಓವರ್‌ಹೆಡ್ ಟ್ಯಾಂಕು ತುಂಬಿದಾಗ ಹಾಡಿನಂತೆಯೋ ಮಾತಿನಂತೆಯೋ ಮೊಳಗಿ ಮೋಟಾರು ಆರಿಸಲು ನೆನಪಿಸುವ, ಮೂಲೆಯಂಗಡಿಯ ಎಲೆಕ್ಟ್ರಿಕಲ್ ಸಾಮಾನುಗಳ ನಡುವೆ ಬಹುಕಾಲದಿಂದ ಸಿಗುತ್ತಿರುವ ಅಗ್ಗದ ಅಲಾರಂ ಕೂಡ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಆ ಅಲಾರಮಿನ ತಯಾರಿಕೆ ಎಷ್ಟೇ ಒರಟಾಗಿದ್ದರೂ ಅದು ಕೆಲಸಕ್ಕೆ ಬರುವುದು, ಅದರ ತಂತಿಯ ತುದಿಯನ್ನು ನೀರು ಮುಟ್ಟಬಾರದ ಎತ್ತರದಲ್ಲಿ ಅಳೆದು ತೂಗುಬಿಡುವುದರಿಂದ. ಸ್ಥಾನವೇ ಅಲ್ಲಿ ಅರ್ಧ ಸಾಧನ. ಬೆಲೆಯಲ್ಲಿ ಹತ್ತು ಪಟ್ಟು ಹೆಚ್ಚಿರುವ ಹೊಸ ಸೂಚಕಗಳ ವಿಷಯದಲ್ಲಿ ಈ ಅಳತೆಯ ಬುದ್ಧಿಯನ್ನು ಬಳಸುವವರು ಕಡಿಮೆ.

ವಾಹಕತೆಯನ್ನು, ಎಂದರೆ ವಿದ್ಯುತ್ತನ್ನು ಹರಿಯಗೊಡುವ ಗುಣವನ್ನು, ನೆಚ್ಚಿಕೊಂಡ ಸಾಧನಕ್ಕೆ ಎಲ್ಲ ನೀರೂ ಒಂದೇ ಅಲ್ಲ. ಲವಣ ತುಂಬಿದ ಬೋರ್‌ವೆಲ್ ನೀರು ಬಿಂದುಗಳನ್ನು ಮುಟ್ಟಿದ ಕ್ಷಣವೇ ಗುರುತು ಸಿಗುತ್ತದೆ, ಆದರೆ ಅದೇ ನೀರು ಒಣಗಿದ ಮೇಲೆ ಬಿಡುವ ಬಿಳಿಯ ಪೊರೆ ಮುಂದಿನ ಸಲ ಸಂಪರ್ಕಕ್ಕೆ ಅಡ್ಡಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ ಏರ್‌ಕಂಡಿಷನರಿನಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವ ಕಟ್ಟಿ ಆದದ್ದು, ಬಹುತೇಕ ಭಟ್ಟಿ ಇಳಿಸಿದ ನೀರಿನಷ್ಟೇ ಲವಣರಹಿತ. ನೆಲದ ಧೂಳು ಅದರಲ್ಲಿ ಕಲೆಯುವವರೆಗೆ ಕೆಲವು ಸೂಚಕಗಳು ಅದನ್ನು ಗಮನಿಸದೆ ಇದ್ದುಬಿಡಬಹುದು. ಹೊಸ ಸೂಚಕವನ್ನು ಪರೀಕ್ಷಿಸಲು ಆರ್‌ಒ ಯಂತ್ರದ ಲೋಟದ ನೀರನ್ನೇ ಸುರಿದು, ಮೊಳಗಲಿಲ್ಲವೆಂದು ಸಾಧನವನ್ನು ದೂರುವುದು ಈ ಕಾರಣದಿಂದ ಪೂರ್ತಿ ನ್ಯಾಯವಲ್ಲ. ಅದು ಕಾಯುವ ಪೈಪಿನಲ್ಲಿ ಯಾವ ನೀರು ಹರಿಯುತ್ತದೆಯೋ ಆ ನೀರಿನಿಂದಲೇ ಪರೀಕ್ಷೆ ನಡೆಯಬೇಕು.

ಈ ಸಾಧನದ ಜೊತೆಗೆ ಬರುವ ಕೈಪಿಡಿಗಳಲ್ಲಿ ಇಡಬೇಕಾದ ಜಾಗಗಳ ಪಟ್ಟಿಯೊಂದಿರುತ್ತದೆ: ನೀರು ಕಾಯಿಸುವ ಟ್ಯಾಂಕಿನ ಬುಡ, ನೆಲಮಾಳಿಗೆ, ಕಮೋಡಿನ ಪಕ್ಕ, ವಾಷಿಂಗ್ ಮೆಷಿನಿನ ಹಿಂಬದಿ. ಅಮೆರಿಕದ ಮನೆಗೆ ಈ ಪಟ್ಟಿ ಸರಿಯಾಗಿಯೇ ಹೊಂದುತ್ತದೆ. ಅಲ್ಲಿ ನೂರೈವತ್ತು ಲೀಟರಿಗೂ ಮಿಕ್ಕಿದ ಬಿಸಿನೀರಿನ ಟ್ಯಾಂಕು ನೆಲದ ಮೇಲೆ ನಿಂತಿರುತ್ತದೆ; ಬೀದಿಯ ಪೈಪಿನಿಂದ ನೀರು ಸಾಮಾನ್ಯವಾಗಿ 3ರಿಂದ 5 ಬಾರ್ ಒತ್ತಡದಲ್ಲಿ ಹಗಲಿರುಳೂ ಮನೆಯೊಳಗೆ ನಿಂತಿರುತ್ತದೆ; ನೆಲ, ಗೋಡೆಗಳು ಮರದ ಚೌಕಟ್ಟಿನವಾದ್ದರಿಂದ ಒಂದು ರಾತ್ರಿಯ ಸೋರಿಕೆಯೂ ದೊಡ್ಡ ನಷ್ಟವಾಗುತ್ತದೆ; ಬಚ್ಚಲಿನ ನೆಲವೂ ಒಣಗಿರಬೇಕಾದ ನೆಲವೇ ಆದ್ದರಿಂದ ಅಲ್ಲಿ ಕಂಡ ನೀರೆಲ್ಲವೂ ಅಸಹಜವೆಂದು ಎಣಿಸಬಹುದು. ಸೂಚಕವಿಟ್ಟವರಿಗೆ ಅಲ್ಲಿನ ಕೆಲವು ವಿಮಾ ಕಂಪನಿಗಳು ಕಂತಿನಲ್ಲಿ ರಿಯಾಯಿತಿ ಕೊಡುವುದರ ಹಿಂದಿನ ಲೆಕ್ಕವೂ ಇದೇ.

ಬೆಂಗಳೂರಿನ ಫ್ಲ್ಯಾಟಿನಲ್ಲಿ ಈ ಊಹೆಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಬಚ್ಚಲಿನ ನೆಲ ಇಲ್ಲಿ ಒದ್ದೆಯಾಗಲೆಂದೇ ಕಟ್ಟಿದ್ದು, ಇಳಿಜಾರು ಕೊಟ್ಟು ನಹಾನಿ ಟ್ರ್ಯಾಪಿಗೆ, ಅಂದರೆ ನೆಲದ ನೀರನ್ನು ಹೊರಹಾಕುವ ಜಾಲರಿಯ ಗುಂಡಿಗೆ, ಸೇರಿಸಿದ್ದು. ಅಲ್ಲಿ ಇಟ್ಟ ಸೂಚಕ ಪ್ರತಿ ಸ್ನಾನಕ್ಕೂ ಮೊಳಗಿ ವಾರ ಕಳೆಯುವುದರೊಳಗೆ ಬ್ಯಾಟರಿ ಕಳೆದುಕೊಂಡು ಕಪಾಟು ಸೇರುತ್ತದೆ. ಯುಟಿಲಿಟಿಯಲ್ಲಿರುವ ವಾಷಿಂಗ್ ಮೆಷಿನಿನ ಪೈಪು ಕಳಚಿದರೂ ನೀರು ಬಹುಪಾಲು ಅಲ್ಲಿಯ ಜಾಲರಿಗೇ ಹೋಗುವುದರಿಂದ, ಜಾಲರಿ ಕಟ್ಟಿಕೊಂಡಿರದಿದ್ದರೆ, ಕೆಟ್ಟದ್ದು ಹೆಚ್ಚೇನೂ ಆಗುವುದಿಲ್ಲ. ಗೀಸರು ಗೋಡೆಯ ಮೇಲ್ಭಾಗದಲ್ಲಿ, ಎಷ್ಟೋ ಕಡೆ ಫಾಲ್ಸ್ ಸೀಲಿಂಗಿನ ಮರೆಯಲ್ಲಿ ತೂಗಿರುತ್ತದೆ. ಅದರ ಸುರಕ್ಷತಾ ವಾಲ್ವಿನಿಂದ ತೊಟ್ಟಿಕ್ಕುವುದೆಲ್ಲ ಸೋರಿಕೆಯೂ ಅಲ್ಲ: 25 ಲೀಟರ್ ನೀರನ್ನು 25 ಡಿಗ್ರಿಯಿಂದ 65 ಡಿಗ್ರಿಗೆ ಕಾಯಿಸಿದಾಗ ಅದು ಹಿಗ್ಗಿ ಸುಮಾರು 400 ಮಿಲಿಲೀಟರಿನಷ್ಟು ಹೆಚ್ಚುವರಿ ಜಾಗ ಬೇಡುತ್ತದೆ, ಹಿಂದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಆ ವಾಲ್ವಿನ ಮೂಲಕವೇ ಹೊರಬರುತ್ತದೆ. ಅದರ ಕೆಳಗೆ ಸೂಚಕವಿಟ್ಟರೆ ಸಾಧನ ತನ್ನ ಕೆಲಸ ಮಾಡಿದಂತೆಯೇ ಆಯಿತು, ಮನೆಯವರಿಗೆ ಮಾತ್ರ ಅದರಿಂದ ತಿಳಿದದ್ದು ಏನೂ ಇಲ್ಲ.

ಈ ನಗರದ ಮನೆಗಳನ್ನು ನಿಜವಾಗಿ ಕಾಡುವ ಸೋರಿಕೆ ನೆಲದ ಮೇಲೆ ಕಾಣುವುದಲ್ಲ. ಬಹುಮಹಡಿ ಕಟ್ಟಡಗಳಲ್ಲಿ ಬಚ್ಚಲಿನ ಕಾಂಕ್ರೀಟ್ ಹಾಸನ್ನು ಸುತ್ತಲಿನ ಮಟ್ಟಕ್ಕಿಂತ ಸುಮಾರು ಒಂದು ಅಡಿ ತಗ್ಗಿಸಿ, ಆ ತಗ್ಗಿನಲ್ಲಿ ಕೊಳಚೆ ಪೈಪುಗಳನ್ನು ಹಾಯಿಸಿ, ಮೇಲೆ ಇಟ್ಟಿಗೆ ಚೂರು ಮುಂತಾದುವನ್ನು ತುಂಬಿ ಟೈಲ್ಸ್ ಹಾಕುವ ಪದ್ಧತಿಯಿದೆ. ಕಟ್ಟುವವರ ಮಾತಿನಲ್ಲಿ ಇದು ಸಂಕನ್ ಸ್ಲ್ಯಾಬ್. ಟೈಲ್ಸ್ ಸಂದಿನ ಗ್ರೌಟ್ ಸವೆದಾಗ, ಜಾಲರಿಯ ಕತ್ತಿನ ಸುತ್ತ ಬಿರುಕು ಬಿಟ್ಟಾಗ, ಇಲ್ಲವೇ ಗೋಡೆ ಕೊರೆದು ಹೂತಿಟ್ಟ ಸಿಪಿವಿಸಿ ಪೈಪಿನ ಅಂಟು ಬಿಟ್ಟಾಗ ನೀರು ಮೊದಲು ಈ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಸೆಕೆಂಡಿಗೊಂದು ಹನಿಯೆಂದರೆ ದಿನಕ್ಕೆ ನಾಲ್ಕು ಲೀಟರಿನ ಆಸುಪಾಸು. ಮೇಲಿನ ಮನೆಯ ಬಚ್ಚಲು ನೋಡಲು ಮೊದಲಿನಂತೆಯೇ ಇರುತ್ತದೆ, ತಿಂಗಳುಗಳು ಕಳೆದ ಮೇಲೆ ಕೆಳಮನೆಯ ಚಾವಣಿಯಲ್ಲಿ ಕಂದು ಅಂಚಿನ ಕಲೆ ಮೂಡುತ್ತದೆ, ಗಿಲಾವು ಉಬ್ಬುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯಲು ತೊಡಗುತ್ತದೆ. ತಪ್ಪು ಒಂದು ಮನೆಯದು, ನಷ್ಟ ಇನ್ನೊಂದು ಮನೆಯದು, ದುರಸ್ತಿಗೆ ಟೈಲ್ಸ್ ಒಡೆಸಬೇಕಾದವರು ಮೇಲಿನವರು ಎಂಬ ಈ ಹಂಚಿಕೆಯಿಂದಲೇ ಅಪಾರ್ಟ್‌ಮೆಂಟ್ ಸಂಘಗಳ ಸಭೆಗಳಲ್ಲಿ ಮುಗಿಯದ ಜಗಳ ಹುಟ್ಟುತ್ತದೆ. ನೆಲದ ಮೇಲೆ ಇಡುವ ಯಾವ ಸೂಚಕವೂ ಈ ನೀರನ್ನು ಮುಟ್ಟಲಾರದು. ಸಾಧನದ ಜಾಹೀರಾತುಗಳು ಹೇಳದೆ ಬಿಡುವ ಮುಖ್ಯ ಸಂಗತಿಯೆಂದರೆ ಇದು. ಇಂಥ ಸೋರಿಕೆಯನ್ನು ಹಿಡಿಯಲು ಪೈಪಿನ ಒತ್ತಡದ ಪರೀಕ್ಷೆ, ನೆಲದ ಮೇಲೆ ಒಂದೆರಡು ದಿನ ನೀರು ನಿಲ್ಲಿಸಿ ಕೆಳಗಿನಿಂದ ನೋಡುವ ಪರೀಕ್ಷೆ, ಗೋಡೆಯ ತೇವ ಅಳೆಯುವ ಮೀಟರು ಇವೇ ಬೇಕು.

ಸೂಚಕದ ಕಣ್ಣಿಗೆ ಬೀಳದ ಇನ್ನೊಂದು ಸೋರಿಕೆ ಕಮೋಡಿನ ಫ್ಲಶ್ ಟ್ಯಾಂಕಿನದು. ತಳದ ರಬ್ಬರು ಸವೆದಾಗ ನೀರು ಸದ್ದಿಲ್ಲದೆ ಬೋಗುಣಿಗೆ ಇಳಿದು ಚರಂಡಿ ಸೇರುತ್ತದೆ, ನೆಲಕ್ಕೆ ಒಂದು ತೊಟ್ಟೂ ಬೀಳುವುದಿಲ್ಲ. ಟ್ಯಾಂಕಿಗೆ ಅಡುಗೆಯ ಬಣ್ಣ ಬೆರೆಸಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟು, ಬೋಗುಣಿಯಲ್ಲಿ ಬಣ್ಣ ಕಾಣುತ್ತದೆಯೇ ಎಂದು ನೋಡುವುದು ಇದಕ್ಕಿರುವ ಖರ್ಚಿಲ್ಲದ ಪರೀಕ್ಷೆ. ಮಲಗುವ ಮುನ್ನ ಎಲ್ಲ ನಲ್ಲಿಗಳನ್ನು ಮುಚ್ಚಿ ಮೀಟರಿನ ಅಂಕಿಯನ್ನು ಬರೆದಿಟ್ಟು, ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ಓದುವುದು ಇಡೀ ಮನೆಗೆ ಅನ್ವಯಿಸುವ ಪರೀಕ್ಷೆ. ಮೀಟರಿಲ್ಲದ ಸ್ವಂತ ಮನೆಯಲ್ಲಿ, ಓವರ್‌ಹೆಡ್ ಟ್ಯಾಂಕಿಗೆ ನೀರು ಬರುವ ವಾಲ್ವನ್ನು ಮುಚ್ಚಿ ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿದರೂ ಅದೇ ಉತ್ತರ ಸಿಗುತ್ತದೆ. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪು ಮಾಡಿ ತರಿಸಿಕೊಳ್ಳುವ, 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಘೋಷಿಸಬೇಕಾಗಿ ಬಂದ ನಗರದಲ್ಲಿ, ಚರಂಡಿಗೆ ಇಳಿದುಹೋಗುವ ಸೋರಿಕೆ ಟೈಲ್ಸ್ ಒದ್ದೆ ಮಾಡುವ ಸೋರಿಕೆಗಿಂತ ಕಡಿಮೆಯದೆಂದು ಎಣಿಸಲು ಕಾರಣವಿಲ್ಲ.

ಇಷ್ಟು ಮಿತಿಗಳಿದ್ದರೂ ಸೂಚಕವನ್ನು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಕೆಲವೇ ಕೆಲವು ಜಾಗಗಳಲ್ಲಿ ಅದಕ್ಕೆ ಸಾಟಿಯಾದದ್ದು ಬೇರೊಂದಿಲ್ಲ. ಅವುಗಳಲ್ಲಿ ಮೊದಲನೆಯದು ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟು. ಆರ್‌ಒ ಯಂತ್ರಕ್ಕೆ ನೀರು ಒಯ್ಯುವ ಕಾಲಿಂಚಿನ ಬಿಳಿ ನಳಿಕೆಯನ್ನು ಆಂಗಲ್ ಕಾಕಿನ ಪಕ್ಕದ ಪುಟ್ಟ ಪ್ಲಾಸ್ಟಿಕ್ ಕೀಲಿಗೆ ಒತ್ತಿ ಸಿಕ್ಕಿಸಿರುತ್ತಾರೆ. ಕೀಲಿನೊಳಗಿನ ರಬ್ಬರ್ ಬಳೆ ಗಟ್ಟಿಯಾಗಿ ಹಿಡಿತ ಬಿಟ್ಟಾಗ, ಇಲ್ಲವೇ ಸರ್ವಿಸಿಗೆ ಬಂದವರು ನಳಿಕೆಯನ್ನು ಪೂರ್ತಿ ಒತ್ತದೆ ಹೋದಾಗ, ಅಲ್ಲಿಂದ ಜಿನುಗುವ ನೀರು ಕಪಾಟಿನ ಹಿಂಬದಿಯ ಕತ್ತಲಲ್ಲಿ ಇಳಿದು ಪ್ಲೈವುಡ್ಡಿನ ಅಂಚನ್ನು ನೆನೆಸಿ ಉಬ್ಬಿಸುತ್ತದೆ. ಡಬ್ಬಿಗಳ, ಕಸದ ಬುಟ್ಟಿಯ ಹಿಂದಿನ ಈ ಜಾಗವನ್ನು ಯಾರೂ ದಿನವೂ ನೋಡುವುದಿಲ್ಲ, ಅಲ್ಲಿ ಜಾಲರಿಯಿಲ್ಲ, ಅಲ್ಲಿಯ ನೆಲ ಒಣಗಿರಬೇಕಾದದ್ದು: ಸೂಚಕಕ್ಕೆ ಬೇಕಾದ ಮೂರು ಷರತ್ತುಗಳೂ ಒಟ್ಟಿಗೆ ಕೂಡಿಬರುವುದು ಇಲ್ಲಿಯೇ. ಅಂಚು ಮಡಿಸಿದ ಅಗಲದ ತಟ್ಟೆಯೊಂದನ್ನು ಇಟ್ಟು ಅದರ ತಗ್ಗಿನ ಮೂಲೆಯಲ್ಲಿ ಸೂಚಕವನ್ನು ಕೂರಿಸಿದರೆ ಮೊದಲ ಕೆಲವು ಚಮಚ ನೀರೇ ಅದನ್ನು ತಲುಪುತ್ತದೆ. ಮಾಡ್ಯುಲರ್ ಕಿಚನ್ನಿನೊಳಗೆ ಕೂರಿಸಿದ ಡಿಶ್‌ವಾಷರ್, ಬಚ್ಚಲಿಗೆ ಬೆನ್ನು ಕೊಟ್ಟು ನಿಂತ ಮಲಗುವ ಕೋಣೆಯ ವಾರ್ಡ್‌ರೋಬಿನ ತಳ, ಇವು ನಂತರದವು. ಕಟ್ಟಡದ ಮಟ್ಟದಲ್ಲಿ ಲಿಫ್ಟಿನ ಗುಂಡಿ ಮತ್ತು ಬೇಸ್‌ಮೆಂಟಿನ ವಿದ್ಯುತ್ ಪ್ಯಾನೆಲ್ ಕೋಣೆಗಳಿಗೆ ಸೂಚಕ ಅತ್ಯಗತ್ಯ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಸುತ್ತಮುತ್ತ ನೆರೆ ನುಗ್ಗಿದ್ದನ್ನು ಕಂಡ ಮೇಲೂ ಸಂಘಗಳು ಇದನ್ನು ಮರೆತಿದ್ದರೆ ಅಚ್ಚರಿಯೇ ಸರಿ.

ಸ್ಥಾನ ನಿಶ್ಚಯವಾದರೆ ಆಯ್ಕೆ ತಾನಾಗಿ ಕಿರಿದಾಗುತ್ತದೆ. ತಟ್ಟೆಗೆ ಗುಂಡು ಬಿಲ್ಲೆಯಂಥ ಬಿಂದು ಸೂಚಕ ಸಾಕು. ವಾರ್ಡ್‌ರೋಬಿನ ಉದ್ದಕ್ಕೂ ಕಾಯಬೇಕಾದಲ್ಲಿ, ತನ್ನ ಯಾವ ಭಾಗ ಒದ್ದೆಯಾದರೂ ಗುರುತಿಸುವ ಹಗ್ಗದಂಥ ಸೂಚಕ ಮೇಲು. ಅಕಾರಾ ಕಂಪನಿಯದರಂಥ ಬಿಲ್ಲೆಗಳು ಅರ್ಧ ಮಿಲಿಮೀಟರ್ ನೀರನ್ನೂ ಗುರುತಿಸುವಷ್ಟು ಸೂಕ್ಷ್ಮವಾಗಿವೆ, ನಾಣ್ಯದಾಕಾರದ ಸಿಆರ್2032 ಬ್ಯಾಟರಿಯಲ್ಲಿ ನಡೆಯುತ್ತವೆ, ಐಪಿ67 ದರ್ಜೆಯವಾದ್ದರಿಂದ, ಎಂದರೆ ಧೂಳು ಒಳಹೋಗದಂತೆ ಮತ್ತು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದಂತೆ ಮಾಡಿದವಾದ್ದರಿಂದ, ಬಾಳಿಕೆಯ ಚಿಂತೆಯಿಲ್ಲ. ಆದರೆ ಅವು ಜಿಗ್‌ಬೀ ಎಂಬ ಅಲ್ಪಶಕ್ತಿಯ ರೇಡಿಯೋ ಪದ್ಧತಿಯಲ್ಲಿ ಮಾತಾಡುವುದರಿಂದ ಹಬ್ ಎಂಬ ಇನ್ನೊಂದು ಪೆಟ್ಟಿಗೆ ಬೇಕಾಗುತ್ತದೆ. ಕರೆಂಟು ಹೋದಾಗ ಆ ಹಬ್ಬೂ ವೈಫೈ ರೂಟರೂ ಯುಪಿಎಸ್ ಮೇಲೆ ಇಲ್ಲದಿದ್ದರೆ ಬಿಲ್ಲೆ ಎಷ್ಟೇ ಎಚ್ಚರವಿದ್ದರೂ ಸುದ್ದಿ ಯಾರಿಗೂ ಮುಟ್ಟುವುದಿಲ್ಲ. ಸದಾ ಯಾರಾದರೂ ಇರುವ ಕೂಡುಕುಟುಂಬದ ಮನೆಗೆ ಆ್ಯಪಿಲ್ಲದ, ತಾನೇ ಕೂಗುವ ಅಗ್ಗದ ಸೂಚಕವೇ ಹೆಚ್ಚು ಯೋಗ್ಯವೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ, ಹಬ್ಬಕ್ಕೆ ಊರಿಗೆ ಹೋಗಿ ವಾರಗಟ್ಟಲೆ ಬೀಗ ಹಾಕುವ ಮನೆಯಲ್ಲಿ ಮಾತ್ರ ಮೊಬೈಲಿನ ಸುದ್ದಿಗೆ ಬೆಲೆಯಿದೆ.

ಸುದ್ದಿ ಮುಟ್ಟಿದ ಮೇಲೆ ನೀರನ್ನು ನಿಲ್ಲಿಸುವುದು ಬೇರೆಯೇ ಸಮಸ್ಯೆ. ಮುಖ್ಯ ಪೈಪಿಗೆ ಕೂರಿಸುವ, ಸೋರಿಕೆಯ ಸುಳಿವು ಸಿಕ್ಕೊಡನೆ ತಾನೇ ಮುಚ್ಚಿಕೊಳ್ಳುವ ಮೋಟಾರ್ ವಾಲ್ವುಗಳು ಇದಕ್ಕೆಂದೇ ಬಂದಿವೆ. ಮೋಯನ್ ಕಂಪನಿಯ ಫ್ಲೋ ಎಂಬ ಸಾಧನವಂತೂ ವಾಲ್ವನ್ನು ಸ್ವಲ್ಪ ಹೊತ್ತು ಮುಚ್ಚಿ, ಒಳಗಿನ ಒತ್ತಡ ಇಳಿಯುತ್ತದೆಯೇ ಎಂದು ನೋಡಿ ಸಣ್ಣ ಸೋರಿಕೆಯನ್ನೂ ಪತ್ತೆಹಚ್ಚುತ್ತದೆ. ಜಾಣತನದ ವಿಧಾನವೇ ಸರಿ, ಆದರೆ ಟ್ಯಾಂಕಿನಿಂದ ಮೂರು ಮೀಟರ್ ಕೆಳಗಿರುವ ಮೇಲಂತಸ್ತಿನ ನಲ್ಲಿಗೆ ಸಿಗುವ ಒತ್ತಡವೇ ಸುಮಾರು 0.3 ಬಾರ್ ಆಗಿರುವಲ್ಲಿ ಇಳಿಯಲು ಉಳಿದಿರುವುದು ಬಹಳವಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ ಇಲ್ಲಿನ ಫ್ಲ್ಯಾಟಿಗೆ ಮುಖ್ಯ ಪೈಪು ಎಂಬುದೇ ಅನೇಕ ಕಡೆ ಇಲ್ಲ: ಎರಡು ಬಚ್ಚಲು, ಅಡುಗೆಮನೆ, ಯುಟಿಲಿಟಿ ಒಂದೊಂದಕ್ಕೂ ಬೇರೆ ಬೇರೆ ಡಕ್ಟುಗಳಿಂದ ನೀರು ಇಳಿಯುತ್ತದೆ, ಆದ್ದರಿಂದ ವಾಲ್ವುಗಳೂ ಮೂರೋ ನಾಲ್ಕೋ ಬೇಕು. ಇಂಥಲ್ಲಿ ಸಿಂಕಿನ ಕಪಾಟಿನ ಸೂಚಕಕ್ಕೆ ಜೊತೆಯಾಗಿ ಅಡುಗೆಮನೆಯ ಒಂದೇ ಪೈಪಿಗೆ ಮೋಟಾರ್ ವಾಲ್ವ್ ಹಾಕಿಸುವುದು ವಿವೇಕದ ಖರ್ಚು, ಉಳಿದವುಗಳಿಗೆ ಕೈಯಿಂದ ತಿರುಗಿಸುವ ಬಾಲ್ ವಾಲ್ವ್ ಸಾಕು. ಎರಡನ್ನೂ ತಿಂಗಳಿಗೊಮ್ಮೆ ಮುಚ್ಚಿ ತೆರೆಯದಿದ್ದರೆ ಗಡಸು ನೀರಿನ ಸುಣ್ಣ ಕಟ್ಟಿ ಬಿಗಿದುಕೊಳ್ಳುತ್ತವೆ. ಡಕ್ಟಿನೊಳಗಿನ ಯಾವ ವಾಲ್ವ್ ಯಾವ ಮನೆಯದೆಂದು ಬಣ್ಣದಲ್ಲಿ ಬರೆಸದ, ಡಕ್ಟಿನ ಬಾಗಿಲ ಕೀಲಿ ರಾತ್ರಿ ಪಾಳಿಯ ಸೆಕ್ಯುರಿಟಿಯವರ ಬಳಿ ಇರದ ಕಟ್ಟಡದಲ್ಲಿ ಸೂಚಕ ನಡುರಾತ್ರಿ ಮೊಳಗಿದರೂ ನೀರು ನಿಲ್ಲುವುದು ಬೆಳಿಗ್ಗೆ ಪ್ಲಂಬರ್ ಬಂದ ಮೇಲೆಯೇ.