ಅರಣ್ಯ ಸಂಶೋಧನೆಯ ಎಣಿಕೆಯೂ ಮಂಡ್ಯದ ಮರಗಳೂ

ಒಂದು ದೇಶದ ಅರಣ್ಯ ಸಂಶೋಧನೆ ಎತ್ತ ಸಾಗುತ್ತಿದೆಯೆಂಬುದನ್ನು ಅರಿಯಲು ಪ್ರಕಟಿತ ಲೇಖನಗಳನ್ನು ವರ್ಷವಾರು ಎಣಿಸಿ, ಏರಿಳಿತದ ರೇಖೆಯನ್ನೆಳೆಯುವ ಪದ್ಧತಿ ಈಗ ರೂಢವಾಗಿದೆ. ನಮ್ಮಲ್ಲಿ ಎಣಿಸಲು ಸಾಮಗ್ರಿಗೇನೂ ಕೊರತೆಯಿಲ್ಲ. ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆ 1875ರಲ್ಲಿಯೇ ಹುಟ್ಟಿತು, ಡೆಹರಾಡೂನಿನ ಸಂಶೋಧನ ಸಂಸ್ಥೆ 1906ರಲ್ಲಿ ಸ್ಥಾಪಿತವಾಯಿತು. ಆದರೆ ಎಣಿಕೆಯೇ ಮೌಲ್ಯನಿರ್ಣಯವಾದೀತೆ?

ಶ್ರೀಗಂಧದ ಸ್ಪೈಕ್ ರೋಗದ ಚರಿತ್ರೆಯನ್ನೇ ನೋಡೋಣ. ಕೊಡಗಿನಲ್ಲಿ 1899ರಲ್ಲಿ ಅದು ವರದಿಯಾಯಿತು. ಅದು ಕಸಿಯ ಮೂಲಕ ಗಿಡದಿಂದ ಗಿಡಕ್ಕೆ ಹರಡುವುದೆಂದು ಮೈಸೂರಿನ ಕೃಷಿ ಇಲಾಖೆಯ ಕೋಲ್ಮನ್ನರು 1917ರಲ್ಲಿ ತೋರಿಸಿಕೊಟ್ಟರು. ರೋಗಕಾರಕ ಸೂಕ್ಷ್ಮಜೀವಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1969ರಲ್ಲಿ. ಈ ಎಪ್ಪತ್ತು ವರ್ಷಗಳ ನಡುವೆ ಬಂದ ತಪ್ಪು ಊಹೆಗಳೂ ಕೋಲ್ಮನ್ನರ ಪ್ರಯೋಗವೂ ಎಣಿಕೆಯಲ್ಲಿ ಒಂದೊಂದೇ ಅಂಕಿ. ಕಾರಣ ತಿಳಿದರೂ ಕಾಡಿನ ಮರಕ್ಕೆ ಮದ್ದು ಸಿಕ್ಕಲಿಲ್ಲವೆಂಬುದನ್ನು ಯಾವ ರೇಖೆಯೂ ಹೇಳದು.

ಇಷ್ಟು ಶ್ರಮ ಗಂಧಕ್ಕೇ ಏಕೆ ಸಂದಿತು? ಗಂಧವು ಬೊಕ್ಕಸದ ಮರ. 1916-17ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಎಣ್ಣೆಯ ಕಾರ್ಖಾನೆಗಳು ಎದ್ದವು. 1938ರಲ್ಲಿ ಬೆಂಗಳೂರಿನಲ್ಲಿ ಸಂಸ್ಥಾನದ ಅರಣ್ಯ ಸಂಶೋಧನಾಲಯ ಆರಂಭವಾಯಿತು. ಸಂಶೋಧನೆಯ ಒಲವು ಸರ್ಕಾರದ ಆದಾಯವನ್ನು ಹಿಂಬಾಲಿಸಿತೆಂದರೆ ಅದು ನಿಂದೆಯಲ್ಲ, ಚರಿತ್ರೆ. ನಮ್ಮ ಆಕ್ಷೇಪ ಬೇರೆ: ಆ ಒಲವನ್ನೇ ‘ಪ್ರಗತಿ’ಯೆಂದು ಓದುವವರ ಮೇಲೆ.

ಮಂಡ್ಯದ ರೈತನಿಗೆ ಮರವೆಂದರೆ ಬದುವಿನ ಹೊಂಗೆ. ಅದರ ಸೊಪ್ಪು ಗದ್ದೆಗೆ ಗೊಬ್ಬರ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಕಾವೇರಿಯ ದಡಕ್ಕೆ ಹೊಳೆಮತ್ತಿಯ ನೆರಳು, ಮೇಲಿನ ಗುಡ್ಡಗಳಲ್ಲಿ ಒಣ ಕುರುಚಲು ಕಾಡು. ಮಾರಾಟದ ಮರಕ್ಕೆ ಸಿಕ್ಕಿದ ಗಮನ ಇಂತಹ ಕಾಡಿಗೆ ಸಿಕ್ಕಲಿಲ್ಲ. ನಮ್ಮ ವಿದ್ಯಾರ್ಥಿಗಳು ಬಸ್ಸಿನ ಕಿಟಕಿಯಿಂದ ಅದನ್ನು ‘ಬರೀ ಪೊದೆ’ ಎಂದೇ ಕರೆಯುತ್ತಾರೆ, ತಪ್ಪು ಅವರದಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಸಂಗತಿ ಇನ್ನೂ ವಿಚಾರಾರ್ಹ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರೊಳಗಿನ ಹುಣಿಸೆ, ಅತ್ತಿ ಮುಂತಾದ ಮರಗಳಲ್ಲಿ. ಗ್ರಾಮಸ್ಥರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಈ ನೆಲೆಯನ್ನು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಹೊರಜಗತ್ತಿನ ಗಮನಕ್ಕೆ ತಂದರು; ಹುಣಿಸೆಯ ಫಸಲಿನ ನಷ್ಟಕ್ಕೆ ಮಾಲೀಕರಿಗೆ ಸರ್ಕಾರ ಪರಿಹಾರ ಕೊಡುವ ಏರ್ಪಾಡಾಯಿತು; 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಇಲ್ಲಿ ಮರ ಖಾಸಗಿಯದು, ಹಕ್ಕಿ ಎಲ್ಲರದು, ಕಾಡೆಂಬುದೇ ಇಲ್ಲ. ಇಂತಹ ಊರಿನ ಅಧ್ಯಯನವನ್ನು ತಮ್ಮ ಪಟ್ಟಿಯ ಯಾವ ಕಲಮಿನಲ್ಲಿ ಬರೆದುಕೊಳ್ಳುವಿರೆಂದು ಎಣಿಸುವ ವಿದ್ವಾಂಸರನ್ನೇ ನಾವು ಕೇಳಬೇಕಾಗಿದೆ.