ಸಾಂತ್ ಪಾವ್: ತೊಳೆದಿಟ್ಟ ಆಸ್ಪತ್ರೆ

ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಚರ್ಚಿನ ಬಳಿಯಿಂದ ಗೌಡಿಯ ಹೆಸರಿನ ಬೀದಿಯೊಂದು ಓರೆಯಾಗಿ ಹೊರಡುತ್ತದೆ. ಅದರ ಇನ್ನೊಂದು ತುದಿಯಲ್ಲಿ ಕೆಂಪು ಇಟ್ಟಿಗೆಯ, ಗಡಿಯಾರ ಗೋಪುರದ ಭವ್ಯ ಕಟ್ಟಡವಿದೆ. ನೋಡಿದ ಕೂಡಲೇ ಅರಮನೆಯೆನ್ನಬೇಕು, ಹಾಗಿದೆ. ಅದು ಸಾಂತ್ ಪಾವ್ ಆಸ್ಪತ್ರೆ. 2009ರಲ್ಲಿ ರೋಗಿಗಳನ್ನು ಅದೇ ಆವರಣದ ಉತ್ತರದಂಚಿನ ಹೊಸ ಕಟ್ಟಡಕ್ಕೆ ಸಾಗಿಸಿ, ಹಳೆಯದನ್ನು ಜೀರ್ಣೋದ್ಧಾರ ಮಾಡಿ, 2014ರಲ್ಲಿ ಟಿಕೆಟ್ ಇಟ್ಟು ಸಾರ್ವಜನಿಕರಿಗೆ ತೆರೆದರು. ಇಷ್ಟು ದೊಡ್ಡ ಕೆಲಸ ಇಷ್ಟು ಅಚ್ಚುಕಟ್ಟಾಗಿ ಆಗುವುದು ಅಪರೂಪ. ನನ್ನ ತಕರಾರು ಇರುವುದೂ ಆ ಅಚ್ಚುಕಟ್ಟಿನ ಬಗ್ಗೆಯೇ.

ಮೊದಲು ಕಟ್ಟಡದ ಮಾತು. 1401ರಲ್ಲಿ ಊರಿನ ಸಣ್ಣಪುಟ್ಟ ಆಸ್ಪತ್ರೆಗಳನ್ನು ಕೂಡಿಸಿ ಕಟ್ಟಿದ್ದ ಸಾಂತಾ ಕ್ರೆವ್ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಕ್ಕಟ್ಟಾಗಿಹೋಗಿತ್ತು. 1896ರಲ್ಲಿ ತೀರಿಕೊಂಡ ಪಾವ್ ಗಿಲ್ ಪ್ಯಾರಿಸ್ಸಿನಲ್ಲಿದ್ದ ಬ್ಯಾಂಕರ್; ತನ್ನೂರಿನಲ್ಲಿ ಸಂತ ಪೌಲನ ಹೆಸರಿನಲ್ಲಿ ಆಸ್ಪತ್ರೆಯೊಂದು ಆಗಲಿ ಎಂದು ಉಯಿಲಿನಲ್ಲಿ ಹಣ ಬಿಟ್ಟುಹೋದ. 1902ರಲ್ಲಿ ಅಡಿಗಲ್ಲು ಬಿತ್ತು. ವಾಸ್ತುಶಿಲ್ಪಿ ಲ್ಯುಯಿಸ್ ದೊಮೆನೆಕ್ ಇ ಮೊಂತಾನೆರ್ 1923ರಲ್ಲಿ ತೀರಿಕೊಂಡ ಮೇಲೆ ಮಗ ಪೆರೆ ಕೆಲಸ ಮುಂದುವರಿಸಿದ; 1930ರಲ್ಲಿ ಉದ್ಘಾಟನೆಯಾಯಿತು.

ದೊಮೆನೆಕ್ ಮಾಡಿದ ಮೊದಲ ಕೆಲಸವೇ ಒಂದು ಬಗೆಯ ಹಟ. ಆ ಭಾಗದ ಬಾರ್ಸಿಲೋನಾ ಚದುರಂಗದ ಮನೆಗಳಂತೆ ಸಮನಾಗಿ ಹಂಚಿಕೊಂಡ ಊರು. ಅಂಥ ಒಂಬತ್ತು ಮನೆಗಳಷ್ಟು ಜಾಗ ಸಿಕ್ಕಾಗ ಈತ ಬೀದಿಗಳ ಸಾಲನ್ನು ಒಪ್ಪದೆ ತನ್ನ ಆಸ್ಪತ್ರೆಯನ್ನು 45 ಡಿಗ್ರಿ ತಿರುಗಿಸಿಟ್ಟ. ಬಿಸಿಲು ವಾರ್ಡಿನೊಳಗೆ ಬರಬೇಕು, ಗಾಳಿ ಆಡಬೇಕು, ಬೀದಿಯ ಶಿಸ್ತು ಆಮೇಲೆ. ಒಂದೇ ದೊಡ್ಡ ಕಟ್ಟಡದ ಬದಲು ತೋಟದ ನಡುವೆ ಬಿಡಿಬಿಡಿಯಾಗಿ 48 ಪವಿಲಿಯನ್‌ಗಳನ್ನು ಯೋಜಿಸಿದ, ಕಟ್ಟಿದ್ದು 27. ಒಂದು ಬದಿ ಗಂಡಸರು, ಇನ್ನೊಂದು ಬದಿ ಹೆಂಗಸರು. ಪವಿಲಿಯನ್‌ನಿಂದ ಪವಿಲಿಯನ್‌ಗೆ ರೋಗಿಯನ್ನು ಒಯ್ಯುವುದು ನೆಲದಡಿಯ ಸುರಂಗಗಳಲ್ಲಿ, ಮೇಲೆ ತೋಟ ನಿಶ್ಶಬ್ದ. ಗೋಡೆಗೆ ಟೈಲ್ಸ್, ಮೂಲೆಗಳು ದುಂಡಗೆ; ತೊಳೆಯುವುದು ಸುಲಭ, ಕೊಳೆ ಕೂರಲು ಎಡೆಯಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಗೆ ಉತ್ತರದ ಸಮಬೆಳಕು ಸಿಗುವಂತೆ ಗಾಜಿನ ಗೋಡೆ. ಅಲಂಕಾರವೇನೂ ಕಡಿಮೆಯಿಲ್ಲ. ಶಿಲ್ಪಕ್ಕೆ ಎವುಸೆಬಿ ಅರ್ನಾವ್, ಪಾವ್ ಗರ್ಗಲ್ಯೊ. ಮುಖ್ಯ ಕಟ್ಟಡದ ಹೊರಗೋಡೆಯ ಮೇಲೆ ಆಸ್ಪತ್ರೆಯ ಚರಿತ್ರೆ ಹೇಳುವ ಮೊಸಾಯಿಕ್. ಆದರೆ ಈತನ ಅಲಂಕಾರ ಶ್ರೀಮಂತಿಕೆಯ ಪ್ರದರ್ಶನವಲ್ಲ. ಮಲಗಿದವನ ಕಣ್ಣಿಗೆ ಚಾವಣಿಯೇ ಆಕಾಶವಾದ್ದರಿಂದ ಚಾವಣಿ ಚೆನ್ನಾಗಿರಬೇಕು ಅನ್ನುವುದು ಇದರ ಹಿಂದಿನ ತರ್ಕ. 1997ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದರಲ್ಲಿ ಅತಿಶಯವಿಲ್ಲ.

ಜೀರ್ಣೋದ್ಧಾರದವರು ಮಾಡಿದ್ದೇನು? ಎಂಬತ್ತು ವರ್ಷಗಳಲ್ಲಿ ವೈದ್ಯರು, ಆಡಳಿತದವರು ಸೇರಿಸುತ್ತ ಹೋದದ್ದನ್ನೆಲ್ಲ ಕಿತ್ತರು: ಎತ್ತರದ ಚಾವಣಿ ಮುಚ್ಚಿದ ಫಾಲ್ಸ್ ಸೀಲಿಂಗ್, ವಾರ್ಡುಗಳ ನಡುವೆ ತೂರಿಸಿದ ಅಟ್ಟಗಳು, ಪವಿಲಿಯನ್‌ಗಳಿಗೆ ಅಂಟಿಕೊಂಡ ಶೆಡ್ಡುಗಳು. ಟೈಲ್ಸ್ ಹೊಳೆಯಿತು, ಗಾಳಿ ಮತ್ತೆ ಆಡಿತು. ಕಟ್ಟಡವನ್ನು ಬೆಚ್ಚಗೂ ತಂಪಾಗಿಯೂ ಇಡಲು ಭೂಮಿಯೊಳಗಿನ ಉಷ್ಣವನ್ನೇ ಬಳಸುವ ವ್ಯವಸ್ಥೆ ಮಾಡಿದರು. ಕೆಲವು ಪವಿಲಿಯನ್‌ಗಳನ್ನು ವಿಶ್ವ ಆರೋಗ್ಯ ಸಂಸ್ಥೆಯಂಥವುಗಳ ಕಚೇರಿಗಳಿಗೆ ಕೊಟ್ಟದ್ದೂ ಜಾಣತನವೇ. ಕೆಲಸ ನಡೆಯುವ ಕಟ್ಟಡ ಬೇಗ ಹಾಳಾಗುವುದಿಲ್ಲ.

ಆದರೆ ಆ ಫಾಲ್ಸ್ ಸೀಲಿಂಗೂ ಅಟ್ಟವೂ ಯಾಕೆ ಬಂದವು ಅನ್ನುವುದೇ ಅಲ್ಲಿನ ನಿಜವಾದ ಕಥೆ. ಬಿಡಿ ಪವಿಲಿಯನ್‌ಗಳ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದ ಕಲ್ಪನೆ. 1930ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ವೈದ್ಯಕೀಯ ಬೇರೆ ದಾರಿ ಹಿಡಿದಿತ್ತು: ಲಿಫ್ಟು, ಎಕ್ಸ್‌ರೇ, ಪ್ರಯೋಗಾಲಯ ಎಲ್ಲ ಒಂದೆಡೆ ಇರಬೇಕಾದ ಬಹುಮಹಡಿ ಆಸ್ಪತ್ರೆ. ಅಲ್ಲಿಂದ 2009ರವರೆಗೆ ಇಲ್ಲಿ ದುಡಿದವರು ಸುಂದರವಾದ, ಆದರೆ ಹೊತ್ತು ಮೀರಿದ ಕಟ್ಟಡದ ಜೊತೆ ಏಗಿದರು. ಕಿತ್ತೆಸೆದ ಸೇರ್ಪಡೆಗಳು ಆ ಏಗಾಟದ ದಾಖಲೆಯಾಗಿದ್ದವು. ಈಗ ಕಟ್ಟಡ ಮೊದಲ ರೋಗಿ ಬರುವುದಕ್ಕೆ ಮುಂಚಿನ ದಿನಕ್ಕೆ ಮರಳಿದೆ. ಸಂತ ರಫಾಯೆಲ್ ಪವಿಲಿಯನ್‌ನಲ್ಲಿ ಹಳೆಯ ವಾರ್ಡಿನ ರೂಪ ತೋರಿಸಿದ್ದಾರೆ, ಇನ್ನೊಂದರಲ್ಲಿ ಸಂಸ್ಥೆಯ ಚರಿತ್ರೆಯ ಪ್ರದರ್ಶನವಿದೆ. ಎರಡೂ ಸ್ವಚ್ಛ. ಯಾರೂ ಸತ್ತಿರದ ಆಸ್ಪತ್ರೆಯಂತೆ ಸ್ವಚ್ಛ.

ಇದಕ್ಕಿಂತ ಕೆಟ್ಟ ಮಾದರಿಗಳಿವೆ, ನಿಜ. ಫ್ರಾನ್ಸಿನ ಲಿಯೋನ್ ನಗರದ ಓತೆಲ್-ದಿಯೊ ಆಸ್ಪತ್ರೆಯಲ್ಲಿ 1530ರ ದಶಕದಲ್ಲಿ ಲೇಖಕ ರಾಬೆಲೇ ವೈದ್ಯನಾಗಿದ್ದ. 2010ರಲ್ಲಿ ಆಸ್ಪತ್ರೆ ಮುಚ್ಚಿತು. ಈಗ ಅಲ್ಲಿ ಅಂಗಡಿಗಳು, ಐಷಾರಾಮಿ ಹೋಟೆಲು, ದೊಡ್ಡ ಗುಮ್ಮಟದಡಿ ಬಾರು. ಜನರಿಗೆ ತೆರೆದದ್ದು ಎಂದರೆ ಜೇಬಿದ್ದವರಿಗೆ ತೆರೆದದ್ದು. ಅದರೆದುರು ಸಾಂತ್ ಪಾವ್ ಸಜ್ಜನ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಇಟಲಿಯ ಸಿಯೆನಾದ್ದು. ಅಲ್ಲಿನ ಸಾಂತಾ ಮರೀಯಾ ದೆಲ್ಲಾ ಸ್ಕಾಲಾ ಆಸ್ಪತ್ರೆಯ ಯಾತ್ರಿಕರ ಹಜಾರದಲ್ಲಿ ದೊಮೆನಿಕೊ ದಿ ಬಾರ್ತೊಲೊ 1440ರ ದಶಕದಲ್ಲಿ ಬರೆದ ಭಿತ್ತಿಚಿತ್ರಗಳು ಆಸ್ಪತ್ರೆಯನ್ನೇ ಚಿತ್ರಿಸುತ್ತವೆ: ಗಾಯಗೊಂಡವನೊಬ್ಬ, ಅವನ ಉಪಚಾರಕ್ಕೆ ನಿಂತವರು, ಮೂತ್ರದ ಸೀಸೆ ಪರೀಕ್ಷಿಸುವ ವೈದ್ಯರು. ಇಪ್ಪತ್ತನೆಯ ಶತಮಾನದಲ್ಲೂ ಆ ಗೋಡೆಗಳ ಕೆಳಗೆ ಹಾಸಿಗೆಗಳಿದ್ದವು. 1985ರಲ್ಲಿ ಲೇಖಕ ಇಟಾಲೊ ಕಾಲ್ವಿನೊ ಕೊನೆಯುಸಿರೆಳೆದದ್ದೂ ಇದೇ ಆಸ್ಪತ್ರೆಯಲ್ಲಿ. ಈಗ ಅದು ಮ್ಯೂಸಿಯಂ. ಅಲ್ಲಿ ರೋಗಿಯನ್ನು ಮರೆಯಬೇಕೆಂದರೂ ಗೋಡೆ ಬಿಡುವುದಿಲ್ಲ. ಸಾಂತ್ ಪಾವ್‌ಗೆ ಆ ಅನುಕೂಲವಿಲ್ಲ. ಅಲ್ಲಿನ ಗೋಡೆಗಳಲ್ಲಿ ಇರುವುದು ಹೂವು, ದೇವದೂತರು, ದಾನಿಗಳ ಮೊದಲಕ್ಷರಗಳು. ಹಾಗಾಗಿ ರೋಗಿಯನ್ನು ಬೇರೆ ದಾರಿಯಲ್ಲಿ ಕರೆತರಬೇಕಿತ್ತು.

ದಾರಿ ಇಲ್ಲದಿರಲಿಲ್ಲ. 2014ರಲ್ಲಿ ಎಲ್ಲ ಪವಿಲಿಯನ್‌ಗಳೂ ಸಿದ್ಧವಾಗಿರಲಿಲ್ಲ. ಅವುಗಳಲ್ಲಿ ಒಂದನ್ನು, ಒಂದೇ ಒಂದನ್ನು, 2009ರಲ್ಲಿ ರೋಗಿಗಳು ಬಿಟ್ಟುಹೋದಂತೆಯೇ ಭದ್ರಪಡಿಸಿ ಜನರನ್ನು ಒಳಗೆ ಬಿಡಬಹುದಿತ್ತು. ಅರ್ಧ ಮುಚ್ಚಿದ ಕಮಾನು, ಟೈಲ್ಸಿನ ಮೇಲೆ ಹೊಡೆದ ಮೊಳೆ, ಗೋಡೆ ಕೊರೆದು ಎಳೆದ ಕೊಳವೆ ಎಲ್ಲ ಇದ್ದಲ್ಲೇ ಇರಲಿ. ಪಕ್ಕದಲ್ಲೇ ದೊಮೆನೆಕ್ ಬಯಸಿದಂತೆ ಹೊಳೆಯುವ ಪವಿಲಿಯನ್ ಇರುವಾಗ ಅವನ ಮರ್ಯಾದೆಗೇನೂ ಕುಂದು ಬರುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡಿದ ದಾದಿಯರು, ಗುಣವಾಗಿ ಮನೆಗೆ ಹೋದವರು ಎಷ್ಟೋ ಮಂದಿ ಅದೇ ಊರಿನಲ್ಲಿದ್ದಾರೆ; ಆ ಕೋಣೆಯ ಬಗ್ಗೆ ಮಾತಾಡಲು ಅವರಿಗಿಂತ ಒಳ್ಳೆಯ ಗೈಡು ಸಿಗಲಾರ.