ನದೀಸಂಗಮದ ‘ಇಂಡಿಯಾನೊ’: ಯುರೋಪಿನ ಕಲೆ ಕಂಡ ಪೂರ್ವದೇಶ

ಕೊಲ್ಲಾಪುರದ ಅರಸರೊಬ್ಬರ ಪ್ರತಿಮೆಯು ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿದೆಯೆಂಬ ಸಂಗತಿಯನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಅರಿಯರು. ಯುರೋಪಿನ ಕಲಾವಿದರು ಪೂರ್ವದೇಶಗಳನ್ನು ಯಾವ ಕಣ್ಣಿನಿಂದ ಕಂಡರೆಂಬ ಪ್ರಶ್ನೆಗೆ ನಮ್ಮ ಊರಿನಿಂದ ಹೋಗುವ ಹಾದಿಯೆಂದರೆ ಅದೇ. ಮೊದಲು ಆ ಪ್ರಶ್ನೆಯನ್ನು ಸ್ಥೂಲವಾಗಿ ಪರಿಚಯಿಸಿಕೊಂಡು ಬಳಿಕ ಪ್ರತಿಮೆಯ ಬಳಿಗೆ ಹೋಗೋಣ.

ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಹಾಗೂ ಆಂಗ್ಲ ಚಿತ್ರಕಾರರಿಗೆ ತುರ್ಕಸ್ಥಾನ, ಈಜಿಪ್ತ, ಮೊರಾಕ್ಕೊ, ಹಿಂದುಸ್ಥಾನಗಳು ಅಚ್ಚುಮೆಚ್ಚಿನ ವಸ್ತುಗಳಾದವು. ಇದಕ್ಕೆ ಪೌರ್ವಾತ್ಯವಾದವೆಂದು ಹೆಸರು. ಆಂಗ್ರ್ ಎಂಬ ಫ್ರೆಂಚ್ ಚಿತ್ರಕಾರನು ಪೂರ್ವದೇಶದಲ್ಲಿ ಕಾಲಿಟ್ಟವನೇ ಅಲ್ಲ. ಆದರೂ 1862ರಲ್ಲಿ, ಎಂಬತ್ತು ದಾಟಿದ ಪ್ರಾಯದಲ್ಲಿ, ‘ತುರ್ಕಿ ಸ್ನಾನಗೃಹ’ವನ್ನು ಚಿತ್ರಿಸಿದನು. ಅನ್ಯರ ಬರೆಹವೂ ಸ್ವಂತ ಕಲ್ಪನೆಯೂ ಅವನಿಗೆ ಸಾಕಾದವು. ಜೆರೋಮನಾದರೋ ಪೂರ್ವದೇಶಗಳನ್ನು ಸುತ್ತಿದವನು. ಸುಮಾರು 1879ರ ಅವನ ‘ಹಾವಾಡಿಗ’ ಚಿತ್ರದಲ್ಲಿ ಗೋಡೆಯ ನೀಲಿ ಬಿಲ್ಲೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿವೆ. ಆ ಬಿಲ್ಲೆಗಳು ಇಸ್ತಾಂಬುಲದ ಅರಮನೆಯವು. ಅವುಗಳ ಮುಂದೆ ಬೆತ್ತಲೆ ಬಾಲಕನ ಹಾವಾಟವನ್ನು ತಂದು ನಿಲ್ಲಿಸಿದವನು ಚಿತ್ರಕಾರ. ವಿವರ ನಿಜ, ದೃಶ್ಯ ಕಲ್ಪಿತ. ನೋಡುವವನು ವಿವರವನ್ನು ನಂಬಿ, ಅದರ ಬೆನ್ನಿಗೆ ದೃಶ್ಯವನ್ನೂ ನಂಬಿಬಿಡುತ್ತಾನೆ. ಎಡ್ವರ್ಡ್ ಸೈದರು 1978ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದ ಮುಖಪುಟಕ್ಕೆ ಈ ಚಿತ್ರವೇ ಬಂದುದು ಉಚಿತವಾಗಿದೆ. ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ದೆಲಾಕ್ರ್ವಾ 1832ರಲ್ಲಿ ಮೊರಾಕ್ಕೊ, ಅಲ್ಜೀರಿಯಾಗಳಿಗೆ ಹೋಗಿ, ಕಂಡುದನ್ನು ಪುಟಪುಟವಾಗಿ ಗೀಚಿಕೊಂಡು ಬಂದನು. ಅವನಲ್ಲಿಯೂ ಕಲ್ಪನೆಯಿದೆ; ಆದರೆ ಕಲಿಯುವ ಕಣ್ಣೂ ಇದೆ.

ಇನ್ನು ನಮ್ಮ ಅರಸರ ವಿಷಯ. ಎರಡನೆಯ ರಾಜಾರಾಮ ಮಹಾರಾಜರು 1870ರಲ್ಲಿ ಇಂಗ್ಲೆಂಡಿಗೆ ಹೋಗಿ, ಹಿಂದಿರುಗುವ ದಾರಿಯಲ್ಲಿ ನವೆಂಬರ 30ರಂದು ಫ್ಲಾರೆನ್ಸಿನಲ್ಲಿ ತೀರಿಕೊಂಡರು. ಇಪ್ಪತ್ತರ ಆಸುಪಾಸಿನ ತರುಣರು. ಅಂದು ಆ ನಗರವೇ ಇಟಲಿಯ ರಾಜಧಾನಿ. ಶವದಹನವು ಅಲ್ಲಿ ರೂಢಿಯಲ್ಲಿರಲಿಲ್ಲ. ಅಧಿಕಾರಿಗಳ ವಿಶೇಷ ಅನುಮತಿ ಪಡೆದು, ಆರ್ನೊ ಮತ್ತು ಮುನ್ಯೋನೆ ನದಿಗಳು ಕೂಡುವಲ್ಲಿ ಚಿತೆಯನ್ನು ರಚಿಸಿದರು. ಅದೇ ಸ್ಥಳದಲ್ಲಿ 1874ರಲ್ಲಿ ಸ್ಮಾರಕವೆದ್ದಿತು. ಫುಲ್ಲರ್ ಎಂಬ ಆಂಗ್ಲ ಶಿಲ್ಪಿಯು ಕಡೆದ, ಬಣ್ಣ ಹಚ್ಚಿದ ಎದೆಮಟ್ಟದ ಪ್ರತಿಮೆ. ಮೇಲೆ ಚಾರ್ಲ್ಸ್ ಮ್ಯಾಂಟನು ರೂಪಿಸಿದ ಹಿಂದುಸ್ಥಾನೀ ಛತ್ರಿ.

ಪ್ರತಿಮೆಯಲ್ಲಿ ಅಗೌರವವೇನೂ ಇಲ್ಲ. ಪರದೇಶದಲ್ಲಿ ಮಡಿದವನಿಗೆ ಅವನ ನಾಡಿನ ರೀತಿಯ ನೆರಳು ಕೊಟ್ಟುದು ಸೌಜನ್ಯವೇ ಸರಿ. ಆದರೆ ಜನರ ಬಾಯಲ್ಲಿ ಆ ಸ್ಥಳಕ್ಕೆ ನಿಂತ ಹೆಸರು ‘ಇಂಡಿಯಾನೊ’, ಎಂದರೆ ‘ಹಿಂದುಸ್ಥಾನದವನು’. 1978ರಲ್ಲಿ ಸಮೀಪದಲ್ಲಿ ಮುಗಿದ ಸೇತುವೆಗೂ ಅದೇ ಹೆಸರು. ಪೇಟ, ರತ್ನಾಭರಣ, ಬಣ್ಣ, ಛತ್ರಿ ಎಲ್ಲವೂ ಉಳಿದವು. ರಾಜಾರಾಮರೆಂಬ ವ್ಯಕ್ತಿ ಜಾರಿಹೋದರು. ಜೆರೋಮನ ಬಾಲಕನಿಗೆ ಹೆಸರಿಲ್ಲ. ಹೆಸರಿದ್ದ ಅರಸರಿಗೂ ಕೊನೆಗೆ ಅದೇ ಗತಿಯಾಯಿತು. ಪೌರ್ವಾತ್ಯವಾದದ ನಿಜವಾದ ದೋಷವು ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ಅದು ಪೂರ್ವದವರನ್ನು ಕೆಟ್ಟವರೆಂದು ತೋರಿಸಬೇಕಾಗಿಲ್ಲ. ಸುಂದರವಾಗಿ ತೋರಿಸುತ್ತಲೇ ಒಬ್ಬನನ್ನು ಮಾದರಿಯನ್ನಾಗಿ ಮಾಡಿಬಿಡುತ್ತದೆ.

ಈ ಅರಸರು ನೋಡಿಸಿಕೊಂಡವರು ಮಾತ್ರವಲ್ಲ, ನೋಡಿದವರೂ ಹೌದು. ಪ್ರವಾಸದಲ್ಲಿ ಅವರು ಇಂಗ್ಲಿಷಿನಲ್ಲಿ ದಿನಚರಿ ಬರೆದಿಟ್ಟಿದ್ದರು. ಜೊತೆಗಿದ್ದ ಕ್ಯಾಪ್ಟನ್ ವೆಸ್ಟನು ಅದನ್ನು 1872ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಕೊಲ್ಲಾಪುರದ ತರುಣನೊಬ್ಬ ಯುರೋಪನ್ನು ಕಂಡ ಬಗೆಯೂ ಆಂಗ್ಲ ಸಂಪಾದಕನ ಕೈದಾಟಿಯೇ ಜಗತ್ತಿಗೆ ಬರಬೇಕಾಯಿತು.

ಛತ್ರಿಯ ಮ್ಯಾಂಟನೇ ಕೊಲ್ಲಾಪುರದ ಹೊಸ ಅರಮನೆಯನ್ನೂ ರೂಪಿಸಿದನು. 1877ರಲ್ಲಿ ಆರಂಭವಾದ ಆ ಕಟ್ಟಡವು 1884ರಲ್ಲಿ, ಅವನು ತೀರಿಕೊಂಡ ಮೇಲೆ ಮುಗಿಯಿತು. ಗುಜರಾತ, ರಾಜಸ್ಥಾನಗಳ ಶೈಲಿಯನ್ನೂ ನಮ್ಮ ಕಡೆಯ ವಾಡೆಯ ಶೈಲಿಯನ್ನೂ ಅವನು ಬೆರೆಸಿದನು. ಇದೂ ಜೆರೋಮನ ಗೋಡೆಯಂತೆ ಆಯ್ದು ಜೋಡಿಸಿದ ಕೆಲಸವೇ ಅಲ್ಲವೇ? ಹೌದು, ಆದರೂ ಭೇದವುಂಟು. ಚಿತ್ರದೊಳಗಿನವರು ಚಿತ್ರವನ್ನು ತಿದ್ದಲಾರರು; ಕಟ್ಟಡದಲ್ಲಿ ಜನರು ಬಾಳಿ ಅದನ್ನು ತಮ್ಮದಾಗಿಸಿಕೊಳ್ಳುವರು. ಇಂದು ಆ ಕರಿಕಲ್ಲಿನ ಅರಮನೆಯನ್ನು ಪರಕೀಯವೆನ್ನುವ ಕೊಲ್ಲಾಪುರಿಗನು ಸಿಕ್ಕಲಾರನು.

ಕೊನೆಗೆ ಶಿಕ್ಷಕ ಬಂಧುಗಳಲ್ಲಿ ಒಂದು ಮಾತು. ಇಚಲಕರಂಜಿಯ ಬಾಲಕನಿಗೆ ‘ನೇಕಾರನ ಚಿತ್ರ ಬರೆ’ ಎಂದರೆ, ಗುಡಿಸಲು, ಚರಕ, ಮುಂಡಾಸಿನ ಮುದುಕನನ್ನು ಬರೆದು ತರುವುದನ್ನು ನಾವು ಕಂಡಿದ್ದೇವೆ. ಅವನ ತಂದೆ ಇಡೀ ರಾತ್ರಿ ವಿದ್ಯುತ್ ಮಗ್ಗದ ಮುಂದೆ ನಿಂತಿರುತ್ತಾನೆ. ಆ ಸದ್ದಿನಲ್ಲಿಯೇ ಹುಡುಗನು ನಿದ್ರೆ ಮಾಡುತ್ತಾನೆ. ಆದರೂ ಕೈ ಬರೆಯುವುದು ಪುಸ್ತಕದ ನೇಕಾರನನ್ನು. ಯುರೋಪಿನ ಚಿತ್ರಕಾರರನ್ನು ಟೀಕಿಸುವ ನಾವು, ನಮ್ಮ ಮಕ್ಕಳು ತಮ್ಮ ಮನೆಯನ್ನೇ ಪರದೇಶಿಯ ಕಣ್ಣಿನಿಂದ ಕಾಣುವುದನ್ನು ಸಹಿಸುತ್ತಿದ್ದೇವೆ. ಗಡಹಿಂಗ್ಲಜದ ಸಂತೆಯನ್ನಾಗಲಿ ಇಚಲಕರಂಜಿಯ ಮಗ್ಗವನ್ನಾಗಲಿ ಹುಡುಗನು ಕಂಡಂತೆ ಬರೆದು ತಂದ ದಿನ, ರೇಖೆ ಸೊಟ್ಟಗಿದ್ದರೂ ಪೂರ್ಣ ಅಂಕ ಕೊಡೋಣ.